ಎರಡು ಕಾರು, ಎರಡು ತುದಿ: ಜೈಂಟ್ಸ್ ಕಾಸ್‌ವೇಗೆ ಹಿಂಬಾಗಿಲಿನಿಂದ

ಜೈಂಟ್ಸ್ ಕಾಸ್‌ವೇ ಅಂದರೆ ಉತ್ತರ ಐರ್ಲೆಂಡ್‌ನ ಕಡಲಂಚಿನಲ್ಲಿ ಲಾವಾ ತಣಿದು ಆದ ಕಲ್ಲಿನ ಕಂಬಗಳ ಜಾಗ. ಡಬ್ಲಿನ್‌ನಿಂದ ಅಲ್ಲಿಗೆ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವುದು ದೊಡ್ಡ ವಿಷಯವೇನಲ್ಲ. ಟೂರ್ ಬಸ್ಸುಗಳು ದಿನಾ ಅದನ್ನೇ ಮಾಡುತ್ತವೆ. ಆದರೆ ಅದರಲ್ಲಿ ಹೋದರೆ ಕಲ್ಲಿನ ಹತ್ತಿರ ಸಿಗುವುದು ಒಂದೂವರೆ, ಎರಡು ಗಂಟೆ ಅಷ್ಟೇ. ಅದೂ ಎಲ್ಲ ಬಸ್ಸುಗಳೂ ಒಟ್ಟಿಗೆ ಬಂದು ನಿಂತಿರುವ ಹೊತ್ತಿನಲ್ಲಿ. ನಾವು ಹಾಗೆ ಹೋಗಿ ಕಲ್ಲಿಗಿಂತ ಜಾಸ್ತಿ ಜನರ ಬೆನ್ನು ನೋಡಿ ಬಂದಿದ್ದೆವು. ರೈಲಿನ ದಾರಿಯೂ ಆಯಿತು. ಬೆಲ್‌ಫಾಸ್ಟ್, ಅಲ್ಲಿಂದ ಕೋಲ್‌ರೇನ್, ಅಲ್ಲಿಂದ 172ನೇ ನಂಬರ್ ಬಸ್ಸು. ಒಂದು ಕನೆಕ್ಷನ್ ತಪ್ಪಿದರೆ ದಿನವೇ ಹೋಯಿತು. ನಮ್ಮದು ಹೋಯಿತು.

ಆಗ ಹೊಳೆದದ್ದು, ಕಾಸ್‌ವೇಯನ್ನು ಮುಂಬಾಗಿಲಿನಿಂದ ಹೊಗಲೇಬಾರದು ಅಂತ. ಪೂರ್ವಕ್ಕೆ ಡನ್‌ಸೆವರಿಕ್ ಕೋಟೆ ಇದೆ. ಕೋಟೆ ಅಂದರೆ ಉಳಿದಿರುವುದು ಎರಡು ತುಂಡು ಗೋಡೆ. ಅಲ್ಲಿಂದ ಬಂಡೆಯಂಚಿನ ಕಾಲುದಾರಿ ಹಿಡಿದರೆ ಸುಮಾರು ಎಂಟು ಕಿ.ಮೀ. ನಡೆದು ಮೇಲಿನಿಂದ ಕಾಸ್‌ವೇಗೆ ಇಳಿಯಬಹುದು. ಟೂರ್ ಬಸ್ಸುಗಳು ಹೊರಟುಹೋದ ಮೇಲೆ, ಸಂಜೆ ಆರರ ನಂತರ ತಲುಪುವ ಹಾಗೆ ಹೊರಡಬೇಕು. ಜೂನ್‌ನಲ್ಲಿ ಅಲ್ಲಿ ಕತ್ತಲಾಗುವುದು ಹತ್ತರ ಮೇಲೆಯೇ. ಎರಡು ಕಾರು ಬೇಕು. ಮೊದಲು ಒಂದನ್ನು ಕಾಸ್‌ವೇ ಕಡೆ ಬಿಟ್ಟು, ಎಲ್ಲರೂ ಇನ್ನೊಂದರಲ್ಲಿ ಎರಡು ಟ್ರಿಪ್ ಹೊಡೆದು ಡನ್‌ಸೆವರಿಕ್‌ಗೆ. ರಸ್ತೆಯಲ್ಲಿ ಹತ್ತೇ ನಿಮಿಷದ ದೂರ. ಕೊನೆಯ ಬಸ್ಸಿನ ಚಿಂತೆಯೇ ಇಲ್ಲ.

ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. 'ಒಂಬತ್ತು ಸೀಟಿನ ವ್ಯಾನ್ ಬಿಟ್ಟು ಎರಡು ಕಾರಾ?' ಅಂದ ಒಬ್ಬ. ಇನ್ನೊಬ್ಬ ಉಡುಪಿ ಕಡೆಯವನು, 'ನಮ್ಮ ಮಲ್ಪೆ ಹತ್ತಿರ ಸೇಂಟ್ ಮೇರೀಸ್‌ನಲ್ಲಿ ಇಂಥದ್ದೇ ಕಲ್ಲಿದೆ ಮಾರಾಯ, ಇದಕ್ಕೆ ಎಂಟು ಕಿಲೋಮೀಟರ್ ನಡೀಬೇಕಾ?' ಅಂದ.

ಲೆಕ್ಕ ಹೇಳುತ್ತೇನೆ, ನೆನಪಿನಿಂದ. ಎರಡು ಸಣ್ಣ ಕಾರು, ವಿಮೆ ಸೇರಿ ತಲಾ ಎಪ್ಪತ್ತು ಯೂರೊ. ಹೋಗಿ ಬರಲು ಐನೂರು ಕಿ.ಮೀ.ಗೆ ಸ್ವಲ್ಪ ಮೇಲೆ, ಡೀಸೆಲ್ ತಲಾ ಐವತ್ತರ ಒಳಗೆ. ಎಂ1 ಹೆದ್ದಾರಿಯ ಟೋಲ್ ಚಿಲ್ಲರೆ ಕಾಸು. ಎಂಟು ಜನಕ್ಕೆ ಹಂಚಿದರೆ ತಲೆಗೆ ಮೂವತ್ತು ಯೂರೊ. ಟೂರ್ ಬಸ್ಸಿಗೆ ಇದರ ಎರಡರಷ್ಟು ಕೊಟ್ಟಿದ್ದೆವು. ಹಿಂದೊಮ್ಮೆ ಒಂದು ಬಾಡಿಗೆ ಕಂಪನಿಯವರು ಚಕ್ರದ ರಿಮ್ ಮೇಲಿನ ಹಳೇ ಗೀರಿಗೆ ನಮ್ಮಿಂದ ದುಡ್ಡು ಕಿತ್ತಿದ್ದರು. ಹಾಗಾಗಿ ಕಾರು ತೆಗೆದುಕೊಳ್ಳುವಾಗ ನಾಲ್ಕೂ ರಿಮ್‌ಗಳ ವಿಡಿಯೊ ಮಾಡಿಕೊಂಡೆ. ಕಾಸ್‌ವೇ ಕಲ್ಲಿಗೆ ಟಿಕೆಟ್ ಇಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ದುಡ್ಡು ಹೋಗುವುದು ವಿಸಿಟರ್ ಸೆಂಟರ್‌ಗೆ, ಪಾರ್ಕಿಂಗ್‌ಗೆ. ನಾವು ಆ ಕಾರನ್ನು ಎಲ್ಲಿ ಬಿಟ್ಟೆವು ಅಂತ ಮಾತ್ರ ಕೇಳಬೇಡಿ. ನಾಲ್ಕು ಜನಕ್ಕೆ ಗೊತ್ತಾದರೆ ಆ ಜಾಗ ಹೋದ ಹಾಗೇ.

ನಿಜವಾದ ಖರ್ಚು ವೀಸಾ. ಗಡಿಯಲ್ಲಿ ಯಾರೂ ನಿಲ್ಲಿಸುವುದಿಲ್ಲ, ಆದರೆ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು. ಭಾರತದ ಪಾಸ್‌ಪೋರ್ಟ್ ಇದ್ದರೆ ಯುಕೆ ವೀಸಾ ಬೇಕೇ ಬೇಕು. ಅದಕ್ಕೆ ನೂರು ಪೌಂಡ್‌ಗಿಂತ ಜಾಸ್ತಿ. ನಮ್ಮಲ್ಲಿ ಒಬ್ಬಳು ಬೆಂಗಳೂರಿನಿಂದ ಸುತ್ತಾಡಲು ಬಂದವಳು. ಅವಳ ಐರಿಷ್ ವೀಸಾ ಮೇಲೆ 'ಬಿಐವಿಎಸ್' ಅಂತ ಇತ್ತು, ಅಂದರೆ ಒಂದೇ ವೀಸಾದಲ್ಲಿ ಎರಡೂ ಕಡೆ ಹೋಗಬಹುದಾದ ಬ್ರಿಟಿಷ್-ಐರಿಷ್ ವೀಸಾ ಸ್ಕೀಮ್. ಅಷ್ಟೇ ಸಾಕಾಯಿತು. ನಾವೆಲ್ಲ ದುಡ್ಡು ಕಟ್ಟಿದವರು ಹೊಟ್ಟೆ ಉರಿದುಕೊಂಡೆವು.

ಗಡಿ ದಾಟಿದ್ದು ತಿಳಿಯುವುದು ರಸ್ತೆ ಅಂಚಿನ ಹಳದಿ ಗೆರೆ ಬಿಳಿಯಾದಾಗ. ವೇಗದ ಬೋರ್ಡು ಮೈಲಿಗೆ ತಿರುಗುತ್ತದೆ, ಕಾರಿನ ಮೀಟರ್ ಕಿಲೋಮೀಟರ್‌ನಲ್ಲೇ ಇರುತ್ತದೆ. 60 ಅಂದರೆ 96, ಇದೊಂದು ಬಾಯಿಪಾಠ ಮಾಡಿಟ್ಟುಕೊಳ್ಳಿ.

ನಡಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಕಡೆ ಕುರಿ ಮೇಯುವ ಹೊಲ, ಇನ್ನೊಂದು ಕಡೆ ನೇರ ಕಡಲು. ಗಾಳಿ ಜೋರಿದ್ದ ದಿನ ಹೋಗಲೇಬೇಡಿ. ಒಂದು ಸಲ ನಾವು ಅರ್ಧ ಗಂಟೆ ನಡೆದು ತಿರುಗಿ ಬಂದಿದ್ದೆವು. ಈ ಸಲ ಬೆನ್‌ಬೇನ್ ಹೆಡ್ ಅನ್ನುವ ಭೂಶಿರ ದಾಟಿ ಹ್ಯಾಮಿಲ್ಟನ್ಸ್ ಸೀಟ್ ಅನ್ನುವ ವ್ಯೂ ಪಾಯಿಂಟ್‌ನಲ್ಲಿ ಕೂತು ಚಿತ್ರಾನ್ನ ತಿಂದೆವು. ಎದುರಿಗೆ ಇಡೀ ಬಂಡೆಗೋಡೆ. ಕಪ್ಪು ಕಲ್ಲಿನ ಎರಡು ದಪ್ಪ ಪದರ, ನಡುವೆ ಕೆಂಪು ಪಟ್ಟಿ. ಎರಡು ಲಾವಾ ಹರಿವಿನ ನಡುವೆ ಸಿಕ್ಕ ಬಿಡುವಿನಲ್ಲಿ, ಬಿಸಿ ಮಳೆಗಾಲದಂಥ ಹವೆಯಲ್ಲಿ ಕಲ್ಲು ಶಿಥಿಲವಾಗಿ ಆದ ಮಣ್ಣು ಅದು. ಉಡುಪಿಯವನು ನೋಡಿದ ತಕ್ಷಣ, 'ಇದು ಮುರಕಲ್ಲಲ್ವಾ!' ಅಂದ. ಹೌದು, ಅದೇ ಜಾತಿ. ಅಲ್ಲಿಂದ ಮುಂದೆ ಅವನ ಗೊಣಗಾಟ ನಿಂತಿತು. ಸ್ವಲ್ಪ ಆಚೆಗಿನ ಕೊಲ್ಲಿಯಲ್ಲೇ 1588ರಲ್ಲಿ ಸ್ಪೇನ್‌ನ ಜಿರೋನಾ ಹಡಗು ಒಡೆದದ್ದು. 1967ರಿಂದ ಮುಳುಗುಗಾರರು ಎತ್ತಿದ ಅದರ ಚಿನ್ನ ಈಗ ಬೆಲ್‌ಫಾಸ್ಟ್ ಮ್ಯೂಸಿಯಂನಲ್ಲಿದೆ.

ಕೊನೆಗೆ ಶೆಫರ್ಡ್ಸ್ ಸ್ಟೆಪ್ಸ್, 162 ಮೆಟ್ಟಿಲು. ಬೇರೆಯವರು ಏದುಸಿರು ಬಿಡುತ್ತಾ ಹತ್ತುವ ಜಾಗದಲ್ಲಿ ನಾವು ಆರಾಮಾಗಿ ಇಳಿದೆವು. ಕೆಳಗೆ ಹೋದಾಗ ಸುಮಾರು 40,000 ಕಂಬಗಳ ಮೇಲೆ ಇಪ್ಪತ್ತು ಜನವೂ ಇರಲಿಲ್ಲ.

ಸಮಯ ಇತ್ತಲ್ಲ, ಸುಮ್ನೆ ಒಂದು ಆಟ ಹಚ್ಚಿದೆ. ನೂರು ಕಂಬ ಆರಿಸಿ ಮೂಲೆ ಎಣಿಸುವುದು, ಸೋತವರು ಚಿಪ್ಸ್ ಕೊಡಿಸುವುದು. ಎಲ್ಲವೂ ಆರು ಮೂಲೆ ಅಂತ ಪಣ ಕಟ್ಟಿದವರು ಸೋತರು. ನಮ್ಮ ಎಣಿಕೆಯಲ್ಲಿ ಅರ್ಧದಷ್ಟು ಆರು ಮೂಲೆಯವು, ಮಿಕ್ಕವು ಹೆಚ್ಚಾಗಿ ಐದು, ಏಳು. ಎಂಟು ಮೂಲೆಯದು ಹುಡುಕಿದರೆ ಸಿಗುತ್ತದೆ. ಕೆಲವು ಕಂಬದ ತಲೆ ತಟ್ಟೆಯಂತೆ ತಗ್ಗು, ಅದರಲ್ಲಿ ನೀರು ನಿಂತಿರುತ್ತದೆ. ಕೆಲವು ಉಬ್ಬು. ಸಂದುಗಳಲ್ಲಿ ಜನ ನಾಣ್ಯ ತುರುಕಿದ್ದಾರೆ, ಅವು ತುಕ್ಕು ಹಿಡಿದು ಊದಿ ಕಲ್ಲನ್ನೇ ಸೀಳುತ್ತಿವೆ. ದಯವಿಟ್ಟು ಆ ಕೆಲಸ ಮಾಡಬೇಡಿ. ನೀರಿನಂಚಿನ ಕಪ್ಪು ಕಲ್ಲಿನ ಮೇಲೆ ಕಾಲಿಡಬೇಡಿ, ಎಂಥ ಶೂ ಇದ್ದರೂ ಜಾರುತ್ತದೆ. ಫೋಟೊಗೆ ಯಾವ ಮೂಲೆಯಲ್ಲಿ ನಿಲ್ಲಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ.

ಡಬ್ಲಿನ್ ಮುಟ್ಟಿದಾಗ ರಾತ್ರಿ ಒಂದು ಗಂಟೆ ದಾಟಿತ್ತು. ಕಾರು ಮರುದಿನ ಬೆಳಿಗ್ಗೆ ವಾಪಸ್ ಕೊಡುವ ಹಾಗೆ ಬುಕ್ ಮಾಡಿ, ಇಲ್ಲದಿದ್ದರೆ ಓಡಿ ಬರಬೇಕಾಗುತ್ತದೆ. ವ್ಯಾನ್ ವ್ಯಾನ್ ಅಂತಿದ್ದವನು ಈಗ ಆಫೀಸಿನಲ್ಲಿ ಎರಡು ಕಾರಿನ ಐಡಿಯಾ ತನ್ನದೇ ಅಂತ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಇರಲಿ. ಆಗಸ್ಟ್ ಮುಗಿದ ಮೇಲೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಬೆಳಕು ಸಾಲುವುದಿಲ್ಲ.