ಕಾಳು ಸಾರು ಒತ್ತಿದರೆ ಕೋಳಿ ಸಾರು: ಪೈಥಾನ್-ಮಾರ್ಕ್‌ಡೌನ್ ಎಕ್ಸ್‌ಟೆನ್ಷನ್‌ನಲ್ಲಿ ಕನ್ನಡ ಸರಿಮಾಡುವುದು

ಅಮ್ಮನ ಅಡುಗೆಗಳನ್ನೆಲ್ಲ ಒಂದೇ ಮಾರ್ಕ್‌ಡೌನ್ (ಸರಳ ಚಿಹ್ನೆ ಹಾಕಿ ಬರೆಯುವ ಪಠ್ಯ) ಫೈಲ್‌ನಲ್ಲಿ ಬರೆದಿಟ್ಟಿದ್ದೇನೆ. ಪೈಥಾನ್-ಮಾರ್ಕ್‌ಡೌನ್ ಲೈಬ್ರರಿ ಅದನ್ನು ವೆಬ್ ಪುಟ ಮಾಡಿಕೊಡುತ್ತದೆ. ಒಮ್ಮೆ ಚಿಕ್ಕಮ್ಮನಿಗೆ ಕಾಳು ಸಾರಿನ ಲಿಂಕ್ ಕಳಿಸಿದ್ದೆ. ವಾರ ಬಿಟ್ಟು ಫೋನ್ ಮಾಡಿದರು. "ಕಾಳು ಸಾರು ಅಂದೆ, ಒತ್ತಿದ್ರೆ ಕೋಳಿ ಸಾರು ಬರುತ್ತಲ್ಲೋ!"

ಶೀರ್ಷಿಕೆಗಳ ಪಟ್ಟಿ ಮಾಡಿ, ಪ್ರತಿ ಶೀರ್ಷಿಕೆಗೂ ಒಂದು ಐಡಿ (ಲಿಂಕ್ ಹುಡುಕಿಕೊಂಡು ಹೋಗುವ ಹೆಸರು) ಕೊಡುವ ಕೆಲಸ 'ಟಿಓಸಿ' (ಪರಿವಿಡಿ) ಎಕ್ಸ್‌ಟೆನ್ಷನ್‌ನದು, ಅಂದರೆ ಲೈಬ್ರರಿಗೆ ಹಚ್ಚಿಕೊಳ್ಳುವ ಹೆಚ್ಚುವರಿ ತುಂಡಿನದು. ಲೈಬ್ರರಿ ಜೊತೆಗೇ ಬರುತ್ತದೆ. ಸುಮ್ನೆ ಹೆಸರು ಹೇಳಿ ಹಚ್ಚಿಕೊಂಡರೆ ಕನ್ನಡ ಅಕ್ಷರಗಳನ್ನೆಲ್ಲ ಬಿಸಾಡುತ್ತದೆ. ಐಡಿಗಳು _1, _2 ಅಂತ ಆಗುತ್ತವೆ. ಮೇಲೆ ಒಂದು ಶೀರ್ಷಿಕೆ ಸೇರಿಸಿದರೆ ಕೆಳಗಿನ ಎಲ್ಲ ಲಿಂಕೂ ಒಂದೊಂದು ಸ್ಥಾನ ಜರುಗುತ್ತದೆ.

ಇದಕ್ಕೆ ಅದರಲ್ಲೇ, ಶೀರ್ಷಿಕೆಯನ್ನು ಐಡಿ ಮಾಡುವ 'ಸ್ಲಗಿಫೈ ಯುನಿಕೋಡ್' ಎಂಬ ಫಂಕ್ಷನ್ ಇದೆ. ನಾನು ಅದನ್ನೇ ಹಾಕಿದ್ದೆ. ಎಡವಿದ್ದು ಅಲ್ಲೇ. ಅದು ಬಳಸುವ ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಷನ್ (ಪಠ್ಯದಲ್ಲಿ ಮಾದರಿ ಹುಡುಕುವ ಸಾಧನ) 'ಪದದ ಅಕ್ಷರ' ಅಂತ ಒಪ್ಪುವುದು ಮೂಲ ಅಕ್ಷರವನ್ನು ಮಾತ್ರ. ಕೊಂಬು, ದೀರ್ಘ, ಗುಡಿಸು, ಒತ್ತು ಕೂಡಿಸುವ ವಿರಾಮ ಯಾವುದೂ ಅದರ ಲೆಕ್ಕಕ್ಕಿಲ್ಲ. ಹಾಗಾಗಿ 'ಹೀರೇಕಾಯಿ ಚಟ್ನಿ' ಹೋಗಿ 'ಹರಕಯ-ಚಟನ' ಆಗುತ್ತದೆ. 'ಕಾಳು ಸಾರು', 'ಕೋಳಿ ಸಾರು' ಎರಡೂ 'ಕಳ-ಸರ'! ಪುಟದಲ್ಲಿ ಮೊದಲು ಬಂದವರಿಗೆ ಆ ಹೆಸರು, ಎರಡನೆಯದಕ್ಕೆ ಬಾಲದಲ್ಲಿ _1. ನಾನು ಆಮೇಲೆ ಕೋಳಿ ಸಾರನ್ನು ಮೇಲೆ ಸೇರಿಸಿದ್ದೆ. ಚಿಕ್ಕಮ್ಮನ ಲಿಂಕ್ ಅದಕ್ಕೆ ಹೋಯಿತು.

ಲೈಬ್ರರಿಯ ಫೈಲ್ ತೆರೆದು ತಿದ್ದಲು ಹೋಗಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತದೆ. ನಿಮ್ಮದೇ ಒಂದು ಫಂಕ್ಷನ್ ಬರೆಯಿರಿ. ಅದಕ್ಕೆ ಎರಡು ಸಿಗುತ್ತವೆ: ಶೀರ್ಷಿಕೆ, ಮತ್ತು ಪದಗಳ ನಡುವೆ ಹಾಕುವ ಗೆರೆ. ಒಂದೊಂದೇ ಅಕ್ಷರ ನೋಡುತ್ತಾ ಹೋಗಿ. ಮಾಮೂಲಿ ಅಕ್ಷರ, ಅಂಕಿ ಇದ್ದರೆ ಇಟ್ಟುಕೊಳ್ಳಿ. ಯುನಿಕೋಡ್‌ನಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್ಎಫ್‌ವರೆಗೆ, ಒಟ್ಟು 128 ಸ್ಥಾನ. ಅಲ್ಲಿರುವುದನ್ನೂ ಇಟ್ಟುಕೊಳ್ಳಿ. ಖಾಲಿ ಜಾಗ ಇದ್ದಲ್ಲಿ ಗೆರೆ ಹಾಕಿ, ಉಳಿದದ್ದು ಬಿಡಿ.

ಇನ್ನೊಂದು ಅಕ್ಷರ ಮರೆಯಬೇಡಿ, 200ಸಿ. ಕಣ್ಣಿಗೆ ಕಾಣದ ಜೋಡಣೆ ತಡೆ ಅದು. 'ಕುಕ್ಕರ್‌ನಲ್ಲಿ' ಎಂದು ಬರೆದಾಗ ನಡುವೆ ಕೂತಿರುತ್ತದೆ. ಅದು ಹೋದರೆ 'ಕುಕ್ಕರ್ನಲ್ಲಿ' ಆಗಿ ಅರ್ಕಾವೊತ್ತು ಬರುತ್ತದೆ. ಅದನ್ನೂ ಉಳಿಸಿಕೊಳ್ಳಿ.

ಈ ಫಂಕ್ಷನ್ನನ್ನು ಟಿಓಸಿ ಎಕ್ಸ್‌ಟೆನ್ಷನ್‌ನ 'ಸ್ಲಗಿಫೈ' ಸೆಟ್ಟಿಂಗ್‌ಗೆ ಕೊಡಿ. ಕೋಟ್ ಹಾಕಿ ಹೆಸರನ್ನಲ್ಲ, ಫಂಕ್ಷನ್ನನ್ನೇ ಕೊಡಬೇಕು. ಐಡಿ ಈಗ 'ಕಾಳು-ಸಾರು'.

ಇಷ್ಟಾದ ಮೇಲೆ ಆಸೆ ಹೆಚ್ಚಾಯಿತು. ಅಮ್ಮ ಒತ್ತಿ ಹೇಳುವ ಮಾತುಗಳಿಗೆ ಹಳದಿ ಬಣ್ಣ ಬೇಕಿತ್ತು. ==ಬೇಳೆ ಬೆಂದ ಮೇಲೆ ಹುಣಸೆಹುಳಿ ಹಾಕು== ಅಂತ ಬರೆದರೆ ಸಾಕು ಅನ್ನುವ ಹಾಗೆ. ಇದು ಲೈಬ್ರರಿ ಜೊತೆ ಬರುವುದಿಲ್ಲ, ನಾವೇ ಮಾಡಬೇಕು. ಎರಡು ಸಣ್ಣ ಕ್ಲಾಸ್ ಸಾಕು. 'ಇನ್‌ಲೈನ್ ಪ್ರೊಸೆಸರ್'ನಿಂದ ಬಂದ ಮೊದಲನೆಯದು ==(.+?)== ಹುಡುಕಿ, 'ಮಾರ್ಕ್' ಟ್ಯಾಗ್ ಕಟ್ಟಿ, ಅದರ ಜೊತೆಗೆ ಸಿಕ್ಕ ತುಂಡಿನ ಶುರು ಮತ್ತು ಕೊನೆ, ಹೀಗೆ ಮೂರನ್ನು ವಾಪಸ್ ಕೊಡುತ್ತದೆ. 'ಎಕ್ಸ್‌ಟೆನ್ಷನ್'ನಿಂದ ಬಂದ ಎರಡನೆಯದು 'ಎಕ್ಸ್‌ಟೆಂಡ್ ಮಾರ್ಕ್‌ಡೌನ್' ಮೆಥಡ್‌ನಲ್ಲಿ ಅದನ್ನು ರಿಜಿಸ್ಟರ್ ಮಾಡುತ್ತದೆ.

ರಿಜಿಸ್ಟರ್ ಮಾಡುವಾಗ ಒಂದು ಸಂಖ್ಯೆ ಕೊಡಬೇಕು. ದೊಡ್ಡದು ಮೊದಲು ಓಡುತ್ತದೆ. ಕೋಡ್ ಸುತ್ತ ಹಾಕುವ ಬ್ಯಾಕ್‌ಟಿಕ್‌ನದು 190, ಬ್ಯಾಕ್‌ಸ್ಲ್ಯಾಶ್‌ನದು 180, ಲಿಂಕ್‌ನದು 160. ನಾನು 175 ಕೊಟ್ಟೆ. ಕೋಡ್ ಒಳಗಿನ == ಹಾಗೇ ಉಳಿಯಬೇಕಲ್ವಾ? 200 ಕೊಟ್ಟರೆ ಅದನ್ನೂ ಮುಟ್ಟಿ ಕೆಡಿಸುತ್ತದೆ.

ಹಳೆಯ ಪಾಠಗಳಲ್ಲಿ 'ಎಕ್ಸ್‌ಟೆಂಡ್ ಮಾರ್ಕ್‌ಡೌನ್'ಗೆ 'ಎಂಡಿ ಗ್ಲೋಬಲ್ಸ್' ಎಂಬ ಹೆಚ್ಚುವರಿ ಪ್ಯಾರಾಮೀಟರ್ ಕಂಡರೆ ನಕಲು ಮಾಡಬೇಡಿ. ಅದು 2018ರ 3.0 ಆವೃತ್ತಿಗಿಂತ ಮುಂಚಿನ ರೀತಿ.