ಸ್ಪ್ರೇಯರ್‌ಗೆ ಲಿಥಿಯಂ ಬ್ಯಾಟರಿ ಹಾಕಿದೆ, ವೋಲ್ಟೇಜ್ ಲೆಕ್ಕವೇ ಬದಲಾಯಿತು

ತರಕಾರಿಗೆ ಔಷಧಿ ಹೊಡೆಯಲು ನಮ್ಮಲ್ಲಿ ಇರುವುದು ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಬ್ಯಾಟರಿ ಸ್ಪ್ರೇಯರ್. ಅದರ ಜೊತೆ ಬಂದದ್ದು 12 ವೋಲ್ಟ್, 8 ಆಂಪಿಯರ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿ. ಅದು ಹಳತಾದಾಗ ಅಂಥದ್ದೇ ಇನ್ನೊಂದು ತರುವ ಬದಲು ಲಿಥಿಯಂ ಪ್ಯಾಕ್ ಕಟ್ಟಿದೆ.

ಹಳೆಯದು ಹೋಗಿದೆ ಅಂತ ಹೇಗೆ ಗೊತ್ತಾಯಿತು? ಚಾರ್ಜ್ ಮಾಡಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೀಟರ್ ಹಿಡಿದರೆ 12.6 ತೋರಿಸುತ್ತಿತ್ತು. ಲೆಡ್ ಆಸಿಡ್‌ಗೆ ಇದು ಒಳ್ಳೆಯ ಅಂಕಿಯೇ. 12.2ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ ಖಾಲಿ ಅಂತ ಲೆಕ್ಕ. ಆದರೆ ಪಂಪ್ ಸ್ವಿಚ್ ಒತ್ತಿದ ಕೂಡಲೇ 11ಕ್ಕಿಂತ ಕೆಳಗೆ ಬೀಳುತ್ತಿತ್ತು. ಪಂಪ್ ಎಳೆಯುವುದು ಬರೀ 2–3 ಆಂಪಿಯರ್. ಅಷ್ಟಕ್ಕೇ ಇಷ್ಟು ಬಿದ್ದರೆ ಒಳಗಿನ ರೆಸಿಸ್ಟೆನ್ಸ್ ಏರಿದೆ ಎಂದರ್ಥ. ಹಾಗಾಗಿ ಬ್ಯಾಟರಿ ನೋಡುವಾಗ ಲೋಡ್ ಕೊಟ್ಟು ನೋಡದೆ ನಾನು ಏನೂ ಹೇಳುವುದಿಲ್ಲ. ಚಾರ್ಜರ್‌ನಿಂದ ಈಗಷ್ಟೇ ಬಿಚ್ಚಿದ ಬ್ಯಾಟರಿ 13ರ ಮೇಲೆ ತೋರಿಸುತ್ತದೆ, ಅದನ್ನಂತೂ ನಂಬಲೇಬಾರದು.

ಹೊಸ ಪ್ಯಾಕ್‌ಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ತೆಗೆದುಕೊಂಡೆ. 32700 ಅಳತೆಯವು, ತಲಾ 6 ಆಂಪಿಯರ್ ಅವರ್. ಒಂದೊಂದು 3.2 ವೋಲ್ಟ್, ನಾಲ್ಕನ್ನು ಸಾಲಾಗಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಬರುವಂತೆ ಜೋಡಿಸಿದರೆ 12.8. ಮೊದಲಿನ ಬ್ಯಾಟರಿಯ ತೂಕ ಎರಡು ಕಿಲೋಗೂ ಜಾಸ್ತಿ. ಈ ನಾಲ್ಕು ಸೆಲ್ ಸೇರಿಸಿದರೂ ಮುಕ್ಕಾಲು ಕಿಲೋ ಆಗಲಿಲ್ಲ. ಬೆನ್ನಿಗೆ ಹೊರುವವರಿಗೆ ಇದು ಸಣ್ಣ ವಿಷಯವಲ್ಲ.

ಹಾಗೆ ಜೋಡಿಸುವ ಮೊದಲು ನಾಲ್ಕನ್ನೂ ಪ್ಯಾರಲಲ್ ಮಾಡಿ (ಪ್ಲಸ್ ಎಲ್ಲ ಒಟ್ಟಿಗೆ, ಮೈನಸ್ ಎಲ್ಲ ಒಟ್ಟಿಗೆ) 3.65 ವೋಲ್ಟ್‌ವರೆಗೆ ಚಾರ್ಜ್ ಮಾಡಿದೆ. ಯಾಕೆಂದರೆ ಅರ್ಧ ಚಾರ್ಜ್‌ನಲ್ಲಿ ಎಲ್ಲ ಸೆಲ್‌ಗಳೂ 3.3ರ ಆಸುಪಾಸಿನಲ್ಲೇ ನಿಂತಿರುತ್ತವೆ, ವ್ಯತ್ಯಾಸ ಕಾಣುವುದೇ ಇಲ್ಲ. ಮೇಲೆ ಹೋದಾಗ ಮಾತ್ರ ಒಂದು 3.65 ಮುಟ್ಟಿ ಇನ್ನೊಂದು 3.4ರಲ್ಲೇ ಉಳಿಯುತ್ತದೆ. ಆಗ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಬೋರ್ಡ್) ಚಾರ್ಜಿಂಗ್ ನಿಲ್ಲಿಸಿಬಿಡುತ್ತದೆ, ಪ್ಯಾಕ್ ಪೂರ್ತಿ ತುಂಬುವುದಿಲ್ಲ.

ಇನ್ನು ಚಾರ್ಜರ್. ಗೊಂದಲ ಇರುವುದೆಲ್ಲ ಇಲ್ಲೇ. ಅಂಗಡಿಯಲ್ಲಿ ಎಲ್ಲಕ್ಕೂ "12 ವೋಲ್ಟ್ ಚಾರ್ಜರ್" ಅಂತಲೇ ಹೆಸರು. ನೋಡಬೇಕಾದದ್ದು ಲೇಬಲ್ ಮೇಲಿನ ಔಟ್‌ಪುಟ್. ನನ್ನ ಪ್ಯಾಕ್‌ಗೆ ಬೇಕಾದದ್ದು 14.6, ಅಂದರೆ ನಾಲ್ಕು ಸಲ 3.65. ಮೂರು ಸೆಲ್‌ನ ಮಾಮೂಲಿ ಲಿಥಿಯಂ ಅಯಾನ್ ಪ್ಯಾಕ್‌ಗೆ 12.6 ಸಾಕು, ಅಲ್ಲಿ ಸೆಲ್ಲಿಗೆ 4.2. ಆ 12.6ರ ಚಾರ್ಜರನ್ನು ನನ್ನದಕ್ಕೆ ಹಾಕಿದರೆ ಸೆಲ್ಲಿಗೆ ಸಿಗುವುದು 3.15 ಮಾತ್ರ, ಎಷ್ಟು ಹೊತ್ತು ಬಿಟ್ಟರೂ ತುಂಬಲ್ಲ. ತಿರುಗಾಮುರುಗಾ ಮಾಡಿ 14.6ನ್ನು ಮೂರು ಸೆಲ್‌ನ ಪ್ಯಾಕ್‌ಗೆ ಕೊಟ್ಟರೆ ತಲಾ 4.8 ದಾಟುತ್ತದೆ. ಬಿಎಂಎಸ್ ತಡೆಯದಿದ್ದರೆ ಬೆಂಕಿ ಹತ್ತಬಹುದು. ಲೆಡ್ ಆಸಿಡ್ ಚಾರ್ಜರ್‌ಗಳಲ್ಲಿ ಹಲವು 14.4ರ ಹತ್ತಿರ ಕೊಡುತ್ತವೆ, ನೋಡಲು ಸರಿಯೆನಿಸುತ್ತದೆ. ಆದರೆ ಕೆಲವು ತುಂಬಿದ ಮೇಲೂ 13.8ರಲ್ಲಿ ಕೊಡುತ್ತಲೇ ಇರುತ್ತವೆ, ಕೆಲವು ಮಧ್ಯೆ ಹೆಚ್ಚಿನ ವೋಲ್ಟೇಜಿನ ಪಲ್ಸ್ ಹೊಡೆಯುತ್ತವೆ. ಲಿಥಿಯಂಗೆ ಎರಡೂ ಬೇಡ.

ನನ್ನದು 2 ಆಂಪಿಯರ್‌ನ ಚಾರ್ಜರ್. ಮೊದಲು 2 ಆಂಪಿಯರ್ ಒಂದೇ ಸಮ ಹೋಗುತ್ತದೆ, ವೋಲ್ಟೇಜ್ ನಿಧಾನವಾಗಿ ಏರುತ್ತದೆ. 14.6 ಮುಟ್ಟಿದ ಮೇಲೆ ವೋಲ್ಟೇಜ್ ಅಲ್ಲೇ ನಿಂತು ಕರೆಂಟ್ ಇಳಿಯುತ್ತಾ ಹೋಗುತ್ತದೆ. ತೀರಾ ಕಡಿಮೆಯಾದಾಗ ಹಸಿರು ದೀಪ. ಖಾಲಿಯಿಂದ ತುಂಬಲು ಮೂರು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ.

ಬಳಸುವಾಗ ಮಾತ್ರ ಹಳೆಯ ಅಭ್ಯಾಸ ಕೈಕೊಡುತ್ತದೆ. ಮುಕ್ಕಾಲು ಇದ್ದರೂ ಅರ್ಧ ಇದ್ದರೂ ಮೀಟರ್ ತೋರಿಸುವುದು 13.1, 13.2. ಕೊನೆಗೆ ದಿಢೀರನೆ ಕುಸಿದು ಬಿಎಂಎಸ್ ಕಟ್ ಮಾಡುತ್ತದೆ, ಪಂಪ್ ಸುಮ್ನೆ ನಿಂತುಬಿಡುತ್ತದೆ. ಹಾಗಾಗಿ ನಾನೀಗ ಒಂದು ಚಾರ್ಜ್‌ಗೆ ಎಷ್ಟು ಟ್ಯಾಂಕ್ ಹೊಡೆದೆ ಅಂತ ಎಣಿಸುತ್ತೇನೆ, ವೋಲ್ಟ್ ನೋಡಲು ಹೋಗುವುದಿಲ್ಲ.

ಔಷಧಿ ಕೆಲಸ ಮುಗಿದ ಮೇಲೆ ಎತ್ತಿಡುವ ಕ್ರಮವೂ ಉಲ್ಟಾ. ಲೆಡ್ ಆಸಿಡನ್ನು ಪೂರ್ತಿ ತುಂಬಿಸಿಯೇ ಇಡಬೇಕು, ಆಗಾಗ ಚಾರ್ಜ್ ಕೊಡುತ್ತಿರಬೇಕು. ಇಲ್ಲದಿದ್ದರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಲಿಥಿಯಂ ಪ್ಯಾಕನ್ನು ಅರ್ಧ ಚಾರ್ಜ್‌ನಲ್ಲಿ, ಬಿಸಿಲು ತಾಗದ ಜಾಗದಲ್ಲಿ, ವೈರ್ ಬಿಚ್ಚಿ ಇಡುತ್ತೇನೆ.