ಸಿ ಪ್ರೋಗ್ರಾಂ ಯಾವ ಸಾಲಿನಲ್ಲಿ ಬಿತ್ತು? ಜಿಡಿಬಿಯನ್ನೇ ಕೇಳಿ

ಪ್ರೋಗ್ರಾಂ ಸಲೀಸಾಗಿ ಕಂಪೈಲ್ ಆಗುತ್ತದೆ. ಓಡಿಸಿದರೆ ‘ಸೆಗ್ಮೆಂಟೇಷನ್ ಫಾಲ್ಟ್ (ಕೋರ್ ಡಂಪ್ಡ್)’ ಎಂದಷ್ಟೇ ಹೇಳಿ ಬೀಳುತ್ತದೆ. ಎಲ್ಲಿ ಬಿತ್ತು, ಏಕೆ ಬಿತ್ತು ಎಂಬ ಸುಳಿವೇ ಇಲ್ಲ. ಆಗ ಹೆಚ್ಚಿನವರು ಮಾಡುವುದು ಸಾಲುಸಾಲಿಗೂ ಪ್ರಿಂಟ್‌ಎಫ್ ತುರುಕುವ ಕೆಲಸ. ಅದು ದಾರಿ ತಪ್ಪಿಸುವುದೂ ಉಂಟು. ಪ್ರಿಂಟ್‌ಎಫ್ ಬರೆದದ್ದು ಮೊದಲು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕೂರುತ್ತದೆ. ಕೊನೆಯಲ್ಲಿ ಹೊಸ ಸಾಲಿನ ಗುರುತು ಹಾಕದಿದ್ದರೆ, ಅದು ಪರದೆಗೆ ಬರುವ ಮೊದಲೇ ಪ್ರೋಗ್ರಾಂ ಸತ್ತುಹೋಗಿ, ಓಡಿದ ಸಾಲೂ ಓಡಲೇ ಇಲ್ಲವೆಂದು ಕಾಣುತ್ತದೆ. ಇದಕ್ಕಿಂತ ನಂಬಿಕೆಯ ದಾರಿ ಜಿಡಿಬಿ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಗ್ನೂ ಯೋಜನೆಗಾಗಿ ಬರೆದ ಈ ಡಿಬಗರ್ (ತಪ್ಪು ಹುಡುಕುವ ಸಾಧನ), ಪ್ರೋಗ್ರಾಂ ಬಿದ್ದ ಜಾಗದಲ್ಲೇ ಅದನ್ನು ಹಿಡಿದು ನಿಲ್ಲಿಸುತ್ತದೆ.

ಉಬುಂಟುವಿನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಜಿಡಿಬಿ’ ಸಾಕು. ವಿಂಡೋಸ್‌ನವರು ಡಬ್ಲ್ಯೂಎಸ್‌ಎಲ್ (ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗಿನ ಉಬುಂಟುವಿನಲ್ಲಿ ಇದನ್ನೇ ಮಾಡಬಹುದು. ಮ್ಯಾಕ್‌ನಲ್ಲಿ ಎಕ್ಸ್‌ಕೋಡ್ ಜೊತೆ ಬರುವುದು ಎಲ್‌ಎಲ್‌ಡಿಬಿ ಎಂಬ ಬೇರೊಂದು ಡಿಬಗರ್. ಅಲ್ಲಿ ಕೆಲವು ಆಜ್ಞೆಗಳು ಬೇರೆ. ಇಲ್ಲಿ ಆಜ್ಞೆಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ, ಟೈಪ್ ಮಾಡಬೇಕಾದದ್ದು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ.

ಮೊದಲು ಕಂಪೈಲ್ ಸರಿಯಾಗಲಿ

ನಮ್ಮ ಉದಾಹರಣೆಯ ಪ್ರೋಗ್ರಾಂ ಅಂಕ.ಸಿ ಎಂಬ ಫೈಲಿನಲ್ಲಿದೆ ಎಂದಿಟ್ಟುಕೊಳ್ಳಿ. ‘ಜಿಸಿಸಿ -ಜಿ -ಓ0 ಅಂಕ.ಸಿ -ಓ ಅಂಕ’ ಎಂದು ಕೊಡಿ. ಮೊದಲ ಓ ದೊಡ್ಡಕ್ಷರ, ಅದರ ಪಕ್ಕದ್ದು ಸೊನ್ನೆ. ಎರಡನೆಯ ಓ ಸಣ್ಣಕ್ಷರ, ಅದು ತಯಾರಾಗುವ ಫೈಲಿನ ಹೆಸರಿಗಾಗಿ. -ಜಿ ಮರೆತರೆ ‘ನೋ ಡಿಬಗಿಂಗ್ ಸಿಂಬಲ್ಸ್ ಫೌಂಡ್’ ಎಂಬ ಸಂದೇಶ ಬರುತ್ತದೆ, ಸಾಲಿನ ಸಂಖ್ಯೆಯಾಗಲಿ ನಿಮ್ಮ ವೇರಿಯಬಲ್‌ಗಳಾಗಲಿ ಸಿಗುವುದಿಲ್ಲ. ವೇಗ ಹೆಚ್ಚಿಸುವ -ಓ2 ಹಾಕಿದ್ದರೆ ಇನ್ನೊಂದು ಪೀಕಲಾಟ: ಕಂಪೈಲರ್ ಕೋಡನ್ನು ಹಿಂದುಮುಂದು ಮಾಡಿರುವುದರಿಂದ ಸಾಲುಗಳು ಮೇಲೆ ಕೆಳಗೆ ಜಿಗಿಯುತ್ತವೆ, ಬೆಲೆ ಕೇಳಿದರೆ ‘ಆಪ್ಟಿಮೈಸ್ಡ್ ಔಟ್’ ಎಂಬ ಉತ್ತರ ಬರುತ್ತದೆ.

ಬಿದ್ದ ಜಾಗದಿಂದ ಹಿಂದಕ್ಕೆ

ವಿದ್ಯಾರ್ಥಿಗಳು ಪದೇಪದೇ ಮಾಡುವ ತಪ್ಪೊಂದನ್ನೇ ತೆಗೆದುಕೊಳ್ಳೋಣ. ಏಳನೇ ಸಾಲಿನ ಸ್ಕ್ಯಾನ್‌ಎಫ್‌ನಲ್ಲಿ ಎನ್ ಎಂಬ ವೇರಿಯಬಲ್‌ನ ಹಿಂದೆ ಇರಬೇಕಾದ & ಬಿಟ್ಟುಹೋಗಿದೆ. ‘ಜಿಡಿಬಿ ./ಅಂಕ’ ಎಂದು ತೆರೆದು, ‘ರನ್’ ಕೊಟ್ಟು, 5 ಎಂದು ಟೈಪ್ ಮಾಡಿ. ಡಿಬಗ್‌ಇನ್ಫೊಡಿ (ಡಿಬಗ್ ಮಾಹಿತಿಯನ್ನು ಇಂಟರ್ನೆಟ್‌ನಿಂದ ತರುವ ಸೇವೆ) ಬೇಕೇ ಎಂದು ನಡುವೆ ಕೇಳಿದರೆ ಎಂಟರ್ ಒತ್ತಿ ಮುಂದುವರಿಯಿರಿ. ‘ಸಿಗ್‌ಸೆಗ್‌ವಿ’ ಎಂಬ ಸಿಗ್ನಲ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಆದರೆ ಅಲ್ಲಿ ಕಾಣುವುದು ನೀವು ಬರೆಯದ ವಿಎಫ್‌ಸ್ಕ್ಯಾನ್‌ಎಫ್ ತರಹದ ಹೆಸರು, ಜೊತೆಗೆ ಆ ಫೈಲು ಇಲ್ಲವೆಂಬ ಮಾತು. ಗಾಬರಿ ಬೇಡ. ಸಿ ಲೈಬ್ರರಿಯ ಮೂಲ ಕೋಡು ನಿಮ್ಮ ಕಂಪ್ಯೂಟರಿನಲ್ಲಿಲ್ಲ ಎಂದಷ್ಟೇ ಅದರ ಅರ್ಥ.

ಈಗ ‘ಬಿಟಿ’ ಕೊಡಿ. ಯಾರು ಯಾರನ್ನು ಕರೆದರು ಎಂಬ ಪಟ್ಟಿ ಬರುತ್ತದೆ. #0 ಬಿದ್ದ ಜಾಗ, ಕೆಳಗೆ ಹೋದಂತೆ ಕರೆದವರು. ಮೇಲಿನಿಂದ ಓದುತ್ತಾ ಬಂದು, ನಿಮ್ಮ ಫೈಲಿನ ಹೆಸರಿರುವ ಮೊದಲ ಸಾಲಿನಲ್ಲಿ ನಿಲ್ಲಿ. ಇಲ್ಲಿ ಅದು ಸಾಮಾನ್ಯವಾಗಿ ‘#2 ಮೇನ್, ಅಂಕ.ಸಿ:7’. ‘ಫ್ರೇಮ್ 2’ ಎಂದರೆ ಏಳನೇ ಸಾಲು ಕಣ್ಣೆದುರು. ಬೆಲೆ ತೋರಿಸುವ ಆಜ್ಞೆ ‘ಪಿ’. ‘ಪಿ ಎನ್’ ಕೇಳಿ: 0, 21845 ಅಥವಾ 32767ರಂಥ ಸಂಖ್ಯೆ ಬರಬಹುದು. ಬೆಲೆಯನ್ನೇ ಕೊಡದ ವೇರಿಯಬಲ್‌ನಲ್ಲಿ ಉಳಿದಿದ್ದ ಕಸ ಅದು. & ಇಲ್ಲದ್ದರಿಂದ ಸ್ಕ್ಯಾನ್‌ಎಫ್ ಆ ಕಸವನ್ನೇ ಮೆಮೊರಿ ವಿಳಾಸವೆಂದು ನಂಬಿ ಅಲ್ಲಿ ಬರೆಯಲು ಹೋಯಿತು. -ವಾಲ್ ಆಯ್ಕೆ ಹಾಕಿದ್ದರೆ ಕಂಪೈಲರೇ ಇದನ್ನು ಎಚ್ಚರಿಸುತ್ತಿತ್ತು. ದಯವಿಟ್ಟು ಯಾವಾಗಲೂ ಹಾಕಿ, ಅದರ ಡಬ್ಲ್ಯೂ ದೊಡ್ಡಕ್ಷರ.

ಇನ್ನೊಂದು ಟರ್ಮಿನಲ್‌ನಲ್ಲಿ ತಪ್ಪು ತಿದ್ದಿ ಕಂಪೈಲ್ ಮಾಡಿ. ಜಿಡಿಬಿ ಮುಚ್ಚಬೇಕಿಲ್ಲ. ಮತ್ತೆ ‘ರನ್’ ಎಂದು, ಮೊದಲಿನಿಂದ ಓಡಿಸಲೇ ಎಂಬ ಪ್ರಶ್ನೆಗೆ ವೈ ಒತ್ತಿದರೆ ಹೊಸ ಪ್ರೋಗ್ರಾಮನ್ನೇ ತೆಗೆದುಕೊಳ್ಳುತ್ತದೆ.

ಬೀಳದೆ ತಪ್ಪು ಉತ್ತರ ಕೊಟ್ಟರೆ

ಇದು ಇನ್ನೂ ಕಷ್ಟದ ಪ್ರಸಂಗ. 78, 64, 81, 55, 90 ಕೊಟ್ಟರೆ ಮೊತ್ತ 368 ಆಗಬೇಕು, ಬೇರೇನೋ ಬರುತ್ತಿದೆ. ಕೂಡುವ ಸಾಲು 11 ಎಂದಿಟ್ಟುಕೊಳ್ಳಿ. ‘ಬಿ 11’ ಎಂದು ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಸಾಲಿನ ಗುರುತು) ಇಟ್ಟು ‘ರನ್’ ಕೊಡಿ. ನಿಂತ ಮೇಲೆ ‘ಎನ್’ ಒಂದು ಸಾಲು ಮುಂದೆ ಹೋಗುತ್ತದೆ, ‘ಎಸ್’ ಆ ಸಾಲು ಕರೆಯುವ ನಿಮ್ಮ ಫಂಕ್ಷನ್ ಒಳಕ್ಕೆ ಇಳಿಯುತ್ತದೆ, ‘ಫಿನಿಷ್’ ಅದರಿಂದ ಹೊರಗೆ ತರುತ್ತದೆ, ‘ಸಿ’ ಮುಂದಿನ ಬ್ರೇಕ್‌ಪಾಯಿಂಟಿನ ತನಕ ಓಡಿಸುತ್ತದೆ. ಬರೀ ಎಂಟರ್ ಒತ್ತಿದರೆ ಹಿಂದಿನ ಆಜ್ಞೆಯೇ ಮತ್ತೆ ನಡೆಯುತ್ತದೆ.

ಇಲ್ಲಿ ಬಹುಪಾಲು ಹೊಸಬರು ಎಡವುವುದು ಒಂದೇ ಕಡೆ: ಪರದೆಯಲ್ಲಿ ತೋರಿಸಿದ ಸಾಲು ಇನ್ನೂ ಓಡಿಲ್ಲ, ಓಡಬೇಕಾಗಿದೆ. ಮೊತ್ತಕ್ಕೆ ಸೊನ್ನೆ ಕೊಡುವ ಸಾಲಿನಲ್ಲಿ ನಿಂತು ‘ಪಿ ಮೊತ್ತ’ ಕೇಳಿದರೆ ಕಸವೇ ಬರಬಹುದು. ‘ಎನ್’ ಕೊಟ್ಟು ಆಮೇಲೆ ಕೇಳಿ.

ಲೂಪ್‌ನ ಪ್ರತಿ ಸುತ್ತಿಗೂ ನಿಲ್ಲುವುದು ಬೇಸರದ ಕೆಲಸ. ಲೂಪ್‌ನ ಸುತ್ತು ಎಣಿಸುವ ವೇರಿಯಬಲ್ ಐ ಆಗಿದ್ದರೆ, ‘ಬಿ 11 ಇಫ್ ಐ == 5’ ಎಂದು ಷರತ್ತು ಹಾಕಿ, ಹಳೆಯದನ್ನು ‘ಡಿಲೀಟ್ 1’ ಎಂದು ತೆಗೆದು, ‘ಸಿ’ ಕೊಡಿ. ಐದು ಅಂಕಗಳಿರುವ ‘ಅಂಕ’ ಎಂಬ ಅರೇಯಲ್ಲಿ ಸ್ಥಾನಗಳು 0ಯಿಂದ 4ರವರೆಗೆ ಮಾತ್ರ, ಹಾಗಾಗಿ ಐ 5 ಆದಾಗ ಇಲ್ಲಿ ನಿಲ್ಲಲೇಬಾರದು. ನಿಂತಿತೆಂದರೆ ಲೂಪ್‌ನಲ್ಲಿ < ಬದಲು <= ಬಿದ್ದಿದೆ ಎಂದರ್ಥ. ‘ಪಿ ಅಂಕ’ ಐದೂ ಬೆಲೆಗಳನ್ನು ಸರಿಯಾಗಿ ತೋರಿಸುತ್ತದೆ, ‘ಪಿ ಅಂಕ[5]’ ಅರೇಯ ಆಚೆಗಿನ ಯಾವುದೋ ಸಂಖ್ಯೆಯನ್ನು. ಮೊತ್ತಕ್ಕೆ ಸೇರಿಕೊಳ್ಳುತ್ತಿರುವುದು ಅದೇ.

ವೇರಿಯಬಲ್ಲನ್ನು ಯಾರು ಕೆಡಿಸುತ್ತಿದ್ದಾರೆಂದೇ ತಿಳಿಯದಿದ್ದರೆ ‘ವಾಚ್ ಮೊತ್ತ’ ಎನ್ನಿ. ಬೆಲೆ ಬದಲಾದಾಗಲೆಲ್ಲ ಹಳೆಯದು, ಹೊಸದು ಎರಡನ್ನೂ ತೋರಿಸಿ ನಿಲ್ಲುತ್ತದೆ. ಆ ಫಂಕ್ಷನ್ ಒಳಗೆ ನಿಂತಿದ್ದಾಗಲೇ ಇದನ್ನು ಕೊಡಬೇಕು. ‘ರನ್’ಗೆ ಮೊದಲೇ ಕೊಟ್ಟರೆ ಅಂಥ ಹೆಸರಿಲ್ಲ ಎನ್ನುತ್ತದೆ. ಪ್ರೋಗ್ರಾಂ ಮುಗಿಯದ ಲೂಪ್‌ನಲ್ಲಿ ಸಿಕ್ಕಿಕೊಂಡಿದ್ದರೆ ಕಂಟ್ರೋಲ್-ಸಿ ಒತ್ತಿ, ‘ಬಿಟಿ’ ಕೇಳಿ.

ಹೊರಬರಲು ‘ಕ್ಯೂ’. ಪ್ರೋಗ್ರಾಂ ಅರ್ಧದಲ್ಲಿದ್ದರೆ ‘ಕ್ವಿಟ್ ಎನಿವೇ’ ಎಂದು ಕೇಳುತ್ತದೆ, ವೈ ಒತ್ತಿ. ಬ್ರೇಕ್‌ಪಾಯಿಂಟ್‌ಗಳು ನಾಳೆಗೂ ಬೇಕೆಂದಿದ್ದರೆ ಅದಕ್ಕೆ ಮೊದಲು ‘ಸೇವ್ ಬ್ರೇಕ್‌ಪಾಯಿಂಟ್ಸ್’ ಮುಂದೆ ಒಂದು ಫೈಲಿನ ಹೆಸರು ಕೊಡಿ. ನಾಳೆ ‘ಸೋರ್ಸ್’ ಜೊತೆ ಅದೇ ಹೆಸರು ಹೇಳಿದರೆ ಅವೆಲ್ಲ ಮರಳಿ ಬರುತ್ತವೆ.